ಪುಟ್ಟ ಮೋಟಾರಿನ ಶಾಫ್ಟಿಗೆ ಪಿನಿಯನ್ ಕೂರಿಸುವುದು ಹೇಗೆ?

ಮೋಟಾರಿನಿಂದ ಹೊರಗೆ ಚಾಚಿ ತಿರುಗುವ ಕಡ್ಡಿಯೇ ಶಾಫ್ಟ್, ಅದರ ಮೇಲೆ ಕೂರುವ ಚಿಕ್ಕ ಹಲ್ಲುಚಕ್ರವೇ ಪಿನಿಯನ್. ಹತ್ತು ಹಲ್ಲಿನ ಹಿತ್ತಾಳೆ ಪಿನಿಯನ್ ಒಂದನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿ. ತೊಗರಿ ಕಾಳಿಗಿಂತ ತುಸು ದೊಡ್ಡದು, ಅಷ್ಟೇ. ಹೊರಗಿನ ಅಳತೆ 6 ಮಿ.ಮೀ., ನಡುವಿನ ತೂತು 2 ಮಿ.ಮೀ. ನಿಮ್ಮ ರೋಬೋಟಿನ ಮೋಟಾರ್ ಹುಟ್ಟಿಸುವ ಬಲವೆಲ್ಲ ಈ ತೂತಿನ ಒಳಗೋಡೆಯ ಮೂಲಕವೇ ಚಕ್ರಕ್ಕೆ ಹೋಗಬೇಕು. ಅಲ್ಲಿ ಹಿಡಿತ ಸಡಿಲವಾದರೆ ಮೋಟಾರ್ ಗುಂಯ್ ಅಂತ ತಿರುಗುತ್ತದೆ, ಚಕ್ರ ನಿಂತಲ್ಲೇ ನಿಂತಿರುತ್ತದೆ. ಮಕ್ಕಳು ಕೋಡ್ ನೋಡುತ್ತಾರೆ, ಬ್ಯಾಟರಿ ಬದಲಾಯಿಸುತ್ತಾರೆ, ಮೋಟಾರಿಗೆ ಕರೆಂಟ್ ಕೊಡುವ ಡ್ರೈವರ್ ಬೋರ್ಡ್ ಸುಟ್ಟಿರಬೇಕು ಅನ್ನುತ್ತಾರೆ. ಬಿಚ್ಚಿ ನೋಡಿದರೆ ಪಿನಿಯನ್ ಶಾಫ್ಟಿನ ಮೇಲೆ ಸುಮ್ನೆ ಜಾರುತ್ತಿರುತ್ತದೆ.

ಶಾಲೆ, ಕಾಲೇಜಿನ ಹುಡುಗರು ರೋಬೋಟ್ ಕಟ್ಟುವಾಗ ಜೊತೆಗೆ ಕೂತು ಕೆಲಸ ಮಾಡಿದವನು ನಾನು. ನಾನು ಕಂಡಂತೆ ಈ ಒಂದು ಜೋಡಣೆಗೆ ಯಾರೂ ಸಮಯ ಕೊಡುವುದಿಲ್ಲ. ಸುತ್ತಿಗೆಯಿಂದ ನಾಲ್ಕು ಏಟು ಹಾಕಿ ಮುಂದೆ ಹೋಗುತ್ತಾರೆ. ಇದಕ್ಕೆ ಬೇಕಾದದ್ದು ಎರಡೇ: ಬಲ ಹಾಕುವ ಮುಂಚೆ ಸರಿಯಾದ ಅಳತೆ, ಬಲ ಹಾಕುವಾಗ ಸರಿಯಾದ ಆಸರೆ. ಇದನ್ನು ಕೈಯಲ್ಲಿ ಮಾಡುವುದು ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು ಶಾಫ್ಟ್ ಅಳೆಯಿರಿ

ಕಣ್ಣಳತೆ ಇಲ್ಲಿ ನಡೆಯುವುದಿಲ್ಲ. ಮೋಟಾರುಗಳನ್ನು ಗಾತ್ರದ ನಂಬರಿನಿಂದ ಕರೆಯುತ್ತಾರೆ. ಆಟಿಕೆ ಕಾರುಗಳಲ್ಲಿ ಬರುವ 130 ಮೋಟಾರಿನ ಶಾಫ್ಟ್ 2 ಮಿ.ಮೀ. ಅದಕ್ಕಿಂತ ಸ್ವಲ್ಪ ದೊಡ್ಡದಾದ 370, 380 ಮೋಟಾರುಗಳದ್ದು ಸಾಮಾನ್ಯವಾಗಿ 2.3 ಮಿ.ಮೀ. ಕಾರ್ಡ್‌ಲೆಸ್ ಡ್ರಿಲ್‌ಗಳಲ್ಲಿ, ರೋಬೋಟುಗಳು ಗುದ್ದಾಡುವ ರೋಬೋವಾರ್ ಸ್ಪರ್ಧೆಯ ಯಂತ್ರಗಳಲ್ಲಿ ಕಾಣುವ 540, 550 ಮೋಟಾರುಗಳದ್ದು 3.17 ಮಿ.ಮೀ., ಅಂದರೆ ಇಂಚಿನ ಎಂಟನೇ ಒಂದು ಭಾಗ. 2 ಮತ್ತು 2.3ರ ನಡುವೆ ಇರುವುದು 0.3 ಮಿ.ಮೀ. ಮಾತ್ರ. ಪಕ್ಕಪಕ್ಕ ಇಟ್ಟರೂ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಆದರೆ 2 ಮಿ.ಮೀ. ತೂತಿನ ಪಿನಿಯನನ್ನು 2.3 ಶಾಫ್ಟಿಗೆ ಒತ್ತಿದರೆ ಒಂದೋ ಪಿನಿಯನ್ ಸೀಳುತ್ತದೆ, ಇಲ್ಲ ಮೋಟಾರ್ ಹಾಳಾಗುತ್ತದೆ. ಹಾಗೆಯೇ 3 ಮಿ.ಮೀ. ಶಾಫ್ಟಿಗೆ 3.17 ತೂತಿನ ಪಿನಿಯನ್ ಹಾಕಿದರೆ ಅದು ಕುಂಟುತ್ತಾ ತಿರುಗುತ್ತದೆ.

ಡಿಜಿಟಲ್ ವರ್ನಿಯರ್ ಕ್ಯಾಲಿಪರ್ ಇದ್ದರೆ ಒಳ್ಳೆಯದು. ಪರದೆಯ ಮೇಲೆ 0.01 ಮಿ.ಮೀ. ತನಕ ಅಂಕಿ ಕಾಣುತ್ತದೆ ನಿಜ. ಆದರೆ ಕಡಿಮೆ ಬೆಲೆಯ ಕ್ಯಾಲಿಪರ್‌ನ ಕೊನೆಯ ಅಂಕಿಯನ್ನು ನಂಬಬೇಡಿ, 0.02ರಷ್ಟು ಆಚೀಚೆ ಆಗುತ್ತದೆ. ಯಾವ ಅಳತೆಯ ಮೋಟಾರ್ ಅಂತ ತಿಳಿಯಲು ಇಷ್ಟು ಸಾಕು. ಹಿಡಿತ ಎಷ್ಟು ಬಿಗಿಯಾಗುತ್ತದೆ ಅಂತ ತಿಳಿಯಬೇಕಾದರೆ ಮೈಕ್ರೋಮೀಟರ್ ಬೇಕು. ಪಿಯುಸಿ ಫಿಸಿಕ್ಸ್ ಲ್ಯಾಬಿನಲ್ಲಿ ತಂತಿಯ ದಪ್ಪ ಅಳೆದ ಸ್ಕ್ರೂ ಗೇಜ್ ನೆನಪಿದೆಯಲ್ವಾ? ಅದೇ. ಕಾಲೇಜಿನ ಹುಡುಗರಾದರೆ ಅರ್ಧ ಗಂಟೆ ಲ್ಯಾಬಿನವರನ್ನು ಕೇಳಿ ಅಲ್ಲೇ ಅಳೆದುಕೊಂಡು ಬನ್ನಿ. ಶಾಫ್ಟಿನ ಬುಡ, ನಡು, ತುದಿ ಮೂರೂ ಕಡೆ ಅಳೆಯಿರಿ. ಹಳೆ ಮೋಟಾರಾದರೆ, ಹಿಂದಿನ ಪಿನಿಯನ್ ಕೂತಿದ್ದ ಜಾಗ ಸವೆದಿರುವುದು ಉಂಟು.

ಪಿನಿಯನಿನ ತೂತು ಅಳೆಯಲು ಮಾತ್ರ ಕ್ಯಾಲಿಪರ್ ಉಪಯೋಗಕ್ಕೆ ಬರುವುದಿಲ್ಲ. ಒಳ ಅಳತೆಯ ಮೂತಿಗಳು ಇಷ್ಟು ಚಿಕ್ಕ ತೂತಿನಲ್ಲಿ ಸರಿಯಾಗಿ ಕೂರುವುದಿಲ್ಲ, ಅಳತೆ ಯಾವಾಗಲೂ ಕಡಿಮೆ ತೋರಿಸುತ್ತವೆ. ಅದರ ಬದಲು 2 ಮಿ.ಮೀ. ಡ್ರಿಲ್ ಬಿಟ್ ತಗೊಂಡು, ಅದರ ನುಣುಪಾದ ಬುಡದ ಭಾಗವನ್ನು ತೂತಿಗೆ ಹಾಕಿ ನೋಡಿ. ಸಲೀಸಾಗಿ ಹೋದರೆ ಅದು ಸಡಿಲ ತೂತು. ಹೋಗದೆ ನಿಂತರೆ ಬಿಗಿ ತೂತು. ಬಲವಂತ ಮಾಡಬೇಡಿ, ಬೆರಳಿಗೆ ತಿಳಿದುಬಿಡುತ್ತದೆ.

ಎನ್20 ಥರದ ಗೇರ್ ಮೋಟಾರ್ ಬಳಸುವವರಿಗೆ ಈ ತಲೆಬಿಸಿ ಇಲ್ಲ. ಅದರಲ್ಲಿ ಪಿನಿಯನ್ ಒಳಗೇ ಕೂತು ಬಂದಿರುತ್ತದೆ. ಹೊರಗೆ ಬರುವ 3 ಮಿ.ಮೀ. ಡಿ ಆಕಾರದ ಶಾಫ್ಟಿಗೆ ನೀವು ಚಕ್ರ ಹಾಕಿದರೆ ಮುಗಿಯಿತು.

ಪಿನಿಯನ್ ಆರಿಸುವಾಗ

ಎಲೆಕ್ಟ್ರಾನಿಕ್ಸ್ ಸಾಮಾನು ಮಾರುವ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ನಿಂತು “130 ಮೋಟಾರಿಗೆ ಒಂದು ಗೇರ್ ಕೊಡಿ” ಅಂದರೆ ಕೈಗೆ ಸಿಕ್ಕಿದ್ದನ್ನು ಕೊಡುತ್ತಾರೆ. ಅದು ಅವರ ತಪ್ಪಲ್ಲ. ಕೇಳಬೇಕಾದದ್ದು ಮೂರು ಸಂಗತಿ: ಹಲ್ಲು ಎಷ್ಟು, ಮಾಡ್ಯೂಲ್ ಎಷ್ಟು, ತೂತು ಎಷ್ಟು.

ಮಾಡ್ಯೂಲ್ ಅಂದರೆ ಹಲ್ಲಿನ ಗಾತ್ರದ ಅಳತೆ. ಎರಡು ಗೇರ್ ಒಂದಕ್ಕೊಂದು ಕೂಡಬೇಕಾದರೆ ಎರಡರ ಮಾಡ್ಯೂಲೂ ಒಂದೇ ಇರಬೇಕು. ನಿಮ್ಮ ಹತ್ತಿರ ಇರುವ ದೊಡ್ಡ ಗೇರಿನ ಹಲ್ಲು ಎಣಿಸಿ, ಅದಕ್ಕೆ 2 ಸೇರಿಸಿ. ಹೊರಗಿನ ಅಡ್ಡಳತೆಯನ್ನು ಆ ಸಂಖ್ಯೆಯಿಂದ ಭಾಗಿಸಿ. 50 ಹಲ್ಲಿನ ಗೇರ್ 26 ಮಿ.ಮೀ. ಇದ್ದರೆ, 26 ಭಾಗಿಸು 52, ಅಂದರೆ 0.5 ಮಾಡ್ಯೂಲ್. ಆಟಿಕೆ ಗೇರುಗಳಲ್ಲಿ ಜಾಸ್ತಿ ಸಿಗುವುದು ಇದೇ. ಈ ಲೆಕ್ಕವನ್ನು ದೊಡ್ಡ ಗೇರಿನಲ್ಲೇ ಮಾಡಿ. 17ಕ್ಕಿಂತ ಕಡಿಮೆ ಹಲ್ಲಿನ ಪಿನಿಯನ್ ಕಡೆಯುವಾಗ ಹಲ್ಲಿನ ಬುಡ ಕೊರೆದುಹೋಗುತ್ತದೆ. ಅದನ್ನು ತಪ್ಪಿಸಲು ಹಲ್ಲನ್ನು ಸ್ವಲ್ಪ ಹೊರಕ್ಕೆ ಸರಿಸಿ ಕಡೆಯುವುದುಂಟು. ಹಾಗಾಗಿ 8 ಹಲ್ಲಿನ ಪಿನಿಯನ್ ಅಳೆದರೆ ಲೆಕ್ಕ ಕೈಕೊಡಬಹುದು.

ಹಳೆ ಆರ್‌ಸಿ (ರಿಮೋಟಿನಿಂದ ಓಡುವ) ಕಾರಿನ ಬಿಡಿಭಾಗ ಸೇರಿಸಿಕೊಳ್ಳುವವರು ಇನ್ನೊಂದು ವಿಷಯ ಗಮನಿಸಿ. ಅವುಗಳಲ್ಲಿ ಮಾಡ್ಯೂಲ್ ಬದಲು ಇಂಚಿನ ಮೇಲೆ ನಿಂತ ಪಿಚ್ ಲೆಕ್ಕ ಇರುತ್ತದೆ. 48 ಪಿಚ್ ಗೇರ್ ಅಂದರೆ 0.529 ಮಾಡ್ಯೂಲಿಗೆ ಸಮ. 0.5ಕ್ಕೆ ಇಷ್ಟು ಹತ್ತಿರ ಇದೆಯಲ್ಲ, ನಡೆಯುತ್ತೆ ಬಿಡು ಅನ್ನಿಸುತ್ತದೆ. ನಡೆಯುವುದಿಲ್ಲ. ಕೈಯಲ್ಲಿ ತಿರುಗಿಸಿದಾಗ ಕೂಡಿದಂತೆ ಕಾಣುತ್ತದೆ, ವೇಗ ಬಂದಾಗ ಕಿರಿಚುತ್ತದೆ, ವಾರದಲ್ಲಿ ಹಲ್ಲು ಸವೆಯುತ್ತದೆ.

ಪ್ಲಾಸ್ಟಿಕ್ ಪಿನಿಯನುಗಳ ಪೊಟ್ಟಣದ ಮೇಲೆ 10-2ಎ, 10-2ಬಿ ಅಂತ ಬರೆದಿರುತ್ತದೆ. ಮೊದಲಿನ ಸಂಖ್ಯೆ ಹಲ್ಲು, ಎರಡನೆಯದು ತೂತು. ಎ ಅಂದರೆ ಬಿಗಿ, ಸುಮಾರು 1.95 ಮಿ.ಮೀ. ಬಿ ಅಂದರೆ ಸಡಿಲ, 2.05ರ ಆಸುಪಾಸು. ಮೋಟಾರಿನ ಶಾಫ್ಟಿಗೆ ಬೇಕಾದದ್ದು ಎ. ಬಿ ಇರುವುದು ನಡುವೆ ಸುಮ್ಮನೆ ತಿರುಗುವ ಗೇರುಗಳಿಗೆ. ನಾನು ನೋಡಿದ “ಪಿನಿಯನ್ ಜಾರುತ್ತೆ ಸಾರ್” ದೂರುಗಳಲ್ಲಿ ಎಷ್ಟೋ ಬಾರಿ ಕಾರಣ ಈ ಒಂದು ಅಕ್ಷರ.

ಯಾವುದರಲ್ಲಿ ಮಾಡಿದ್ದು ಒಳ್ಳೆಯದು? ನನ್ನ ಅಭಿಪ್ರಾಯ ಹೀಗೆ. 130 ಮೋಟಾರ್, ಹಗುರ ರೋಬೋಟ್ ಆದರೆ ಪ್ಲಾಸ್ಟಿಕ್ ಸಾಕು. 370, 380ಕ್ಕೆ ಹಿತ್ತಾಳೆ. 550 ಇಟ್ಟು ಗುದ್ದಾಡುವ ಯಂತ್ರ ಕಟ್ಟುತ್ತಿದ್ದರೆ ಉಕ್ಕು ಬಿಟ್ಟು ಬೇರೆ ಯೋಚನೆ ಬೇಡ.

ಮೂರು ದಾರಿ

ಪಿನಿಯನ್ ಕೂರಿಸಲು ಮುಖ್ಯವಾಗಿ ಮೂರು ದಾರಿ ಇವೆ. ತೂತು ಶಾಫ್ಟಿಗಿಂತ ಕೂದಲೆಳೆಗಿಂತಲೂ ಕಡಿಮೆ ಅಂತರದಲ್ಲಿ ಕಿರಿದಾಗಿದ್ದು, ಒತ್ತಿ ಕೂರಿಸುವುದು ಒಂದು. ತೂತು ತುಸು ಸಡಿಲವಾಗಿದ್ದು, ಲೋಹಕ್ಕೆ ಲೋಹ ಹಿಡಿಸುವ ಅಂಟು ಹಾಕುವುದು ಎರಡು. ಪಿನಿಯನಿನ ಕತ್ತಿನಲ್ಲಿ ಗ್ರಬ್ ಸ್ಕ್ರೂ (ತಲೆ ಇಲ್ಲದ ಚಿಕ್ಕ ಸ್ಕ್ರೂ) ಇದ್ದು, ಅದನ್ನು ಶಾಫ್ಟಿನ ಚಪ್ಪಟೆ ಭಾಗದ ಮೇಲೆ ಬಿಗಿಯುವುದು ಮೂರು. ಪ್ಲಾಸ್ಟಿಕ್ಕಿಗೆ ಮೊದಲನೆಯದು. ಹಿತ್ತಾಳೆಗೆ ಮೊದಲನೆಯದು ಅಥವಾ ಎರಡನೆಯದು. 3.17 ಶಾಫ್ಟಿನ ಉಕ್ಕಿನ ಪಿನಿಯನಿಗೆ ಮೂರನೆಯದು.

ತೂತು ದೊಡ್ಡದಾಯಿತು ಅಂತ ನಡುವೆ ಅಲ್ಯುಮಿನಿಯಂ ಫಾಯಿಲ್, ಟೇಪ್ ಸುತ್ತಿ ತುರುಕಬೇಡಿ. ಒಂದು ಕಡೆ ದಪ್ಪ, ಒಂದು ಕಡೆ ತೆಳು ಆಗಿ ಪಿನಿಯನ್ ನಡುವಿನಿಂದ ಸರಿಯುತ್ತದೆ. ಆಮೇಲೆ ಗೇರ್ ಒಂದು ಸುತ್ತಿನಲ್ಲಿ ಒಮ್ಮೆ ಬಿಗಿ, ಒಮ್ಮೆ ಸಡಿಲ. 2 ಮಿ.ಮೀ. ಶಾಫ್ಟನ್ನು 3 ಮಿ.ಮೀ. ಮಾಡುವ ಹಿತ್ತಾಳೆಯ ತೆಳು ಕೊಳವೆಗಳು ಸಿಗುತ್ತವೆ, ಅವನ್ನು ಬಳಸಿ.

ಒತ್ತಿ ಕೂರಿಸುವುದು

ಇಲ್ಲಿ ಒಂದು ಹಳೆ ಘಟನೆ ಹೇಳಲೇಬೇಕು. ಕಾಲೇಜಿನಲ್ಲಿದ್ದಾಗ ಸ್ಪರ್ಧೆಯ ಹಿಂದಿನ ರಾತ್ರಿ 370 ಮೋಟಾರೊಂದನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ, ಹಿತ್ತಾಳೆ ಪಿನಿಯನನ್ನು ಸುತ್ತಿಗೆಯಿಂದ ಬಡಿದು ಕೂರಿಸಿದೆ. ಪಿನಿಯನ್ ಚೆನ್ನಾಗಿಯೇ ಕೂತಿತು. ಆದರೆ ಮೋಟಾರ್ ತಿರುಗಲಿಲ್ಲ. ಕೈಯಲ್ಲಿ ತಿರುಗಿಸಿದರೆ ಮರಳು ತುಂಬಿದ ಹಾಗೆ ಗರಗರ. ಬೆಳಗ್ಗೆ ಲೇತ್ ಅಂಗಡಿಯೊಂದರ ಹಿರಿಯರ ಹತ್ತಿರ ಹೋದೆ. ಅವರು ಮೋಟಾರನ್ನು ತಿರುಗಿಸಿ ಹಿಂಬದಿ ನೋಡಿದರು.

“ಏನಪ್ಪಾ, ಹೊಡೆದ್ಯಾ?”

“ಹೌದು ಸಾರ್, ಬಿಗಿ ಇತ್ತು.”

“ಹಿಂದುಗಡೆ ಆಸರೆಗೆ ಏನು ಕೊಟ್ಟಿದ್ದೆ?”

ಏನೂ ಕೊಟ್ಟಿರಲಿಲ್ಲ. ಅವರು ಮೋಟಾರಿನ ಡಬ್ಬದ ಕಿವಿಗಳನ್ನು ಎತ್ತಿ ಬಿಚ್ಚಿ ತೋರಿಸಿದರು. ಒಳಗಿನ ಶಾಫ್ಟ್ ಹಿಂದಕ್ಕೆ ಜರುಗಿತ್ತು. ಹಿಂಬದಿ ಪ್ಲಾಸ್ಟಿಕ್ ಮುಚ್ಚಳದಲ್ಲಿದ್ದ ಬುಷ್, ಅಂದರೆ ಶಾಫ್ಟ್ ತಿರುಗುವ ಲೋಹದ ಬಳೆ, ಅರ್ಧ ಹೊರಗೆ ಬಂದಿತ್ತು. ಶಾಫ್ಟಿನ ಮೇಲೆ ತಾಮ್ರದ ಪಟ್ಟಿಗಳಿರುವ ಕಮ್ಯುಟೇಟರ್, ಅದಕ್ಕೆ ಕರೆಂಟ್ ಮುಟ್ಟಿಸುವ ಬ್ರಷ್‌ಗಳನ್ನು ತಳ್ಳಿಕೊಂಡು ಹೋಗಿ, ಒಂದು ಬ್ರಷ್‌ನ ತೆಳು ತಗಡು ಮಡಚಿಕೊಂಡಿತ್ತು. “ಗುದ್ದಲಿಗೆ ಕಾವು ಹಾಕೋವಾಗ ಕಾವಿನ ಬುಡ ನೆಲಕ್ಕೆ ಊರಿ ತಾನೆ ಕುಟ್ಟೋದು? ಇದೂ ಅಷ್ಟೇ. ಶಾಫ್ಟಿನ ಬುಡಕ್ಕೆ ಆಸರೆ ಕೊಡು. ಹೊಡೀಬೇಡ, ಒತ್ತು” ಅಂದರು. ಅಂದಿನಿಂದ ಈ ಕೆಲಸಕ್ಕೆ ಸುತ್ತಿಗೆ ಹಿಡಿದಿಲ್ಲ.

ಈ ಮಾತು ಸರಿಯಾಗಿ ಅರ್ಥ ಮಾಡಿಕೊಳ್ಳಿ. ಪಿನಿಯನ್ ಮೇಲೆ ಹಾಕುವ ಬಲ ಶಾಫ್ಟಿನೊಳಗೆ ಹರಿದು, ಅದರ ಇನ್ನೊಂದು ತುದಿಯಿಂದ ನೇರವಾಗಿ ಆಸರೆಗೆ ಹೋಗಬೇಕು. ಮೋಟಾರಿನ ಡಬ್ಬ, ಮುಚ್ಚಳ, ಬುಷ್ ಇವು ಯಾವುದೂ ಆ ಬಲ ಹೊರಬಾರದು. ಹೆಚ್ಚಿನ ಮೋಟಾರುಗಳಲ್ಲಿ ಹಿಂಬದಿಯ ಬುಷ್ ನಡುವೆ ಶಾಫ್ಟಿನ ತುದಿ ಕಾಣುತ್ತದೆ, ಕೆಲವದರಲ್ಲಿ ಸ್ವಲ್ಪ ಒಳಗೆ ಹುದುಗಿರುತ್ತದೆ. ಹಿಂಬದಿ ಪೂರ್ತಿ ಮುಚ್ಚಿದ್ದರೆ ಒತ್ತುವ ದಾರಿಯನ್ನೇ ಬಿಡಿ, ಅಂಟು ಅಥವಾ ಗ್ರಬ್ ಸ್ಕ್ರೂ ನೋಡಿ.

ಬೇಕಾದ ಸಾಮಾನು ಕಡಿಮೆ. ಒಂದು ಚಿಕ್ಕ ಬೆಂಚ್ ವೈಸ್, ಅಂದರೆ ಎರಡು ದವಡೆಗಳ ನಡುವೆ ಸಾಮಾನು ಬಿಗಿದು ಹಿಡಿಯುವ ಸಾಧನ. ಒಂದು ಎಂ3 (3 ಮಿ.ಮೀ. ಸ್ಕ್ರೂಗೆ ಹೊಂದುವ) ನಟ್. ಶಾಫ್ಟಿಗಿಂತ ತೆಳುವಾದ ಉಕ್ಕಿನ ತುಂಡು, ಮುರಿದ 1.5 ಮಿ.ಮೀ. ಡ್ರಿಲ್ ಬಿಟ್‌ನ ಬುಡ ಆಗುತ್ತದೆ. ಒಂದು ಹಳೆ ಎಟಿಎಂ ಕಾರ್ಡ್.

ಮೊದಲು ಶಾಫ್ಟಿನ ತುದಿ ನೋಡಿ. ಅಂಚು ಹರಿತವಾಗಿದ್ದರೆ, ಮುಳ್ಳು ಎದ್ದಿದ್ದರೆ, 600 ನಂಬರಿನ ಉಪ್ಪು ಕಾಗದದಿಂದ ಎರಡು ಸುತ್ತು ಉಜ್ಜಿ. ಉಜ್ಜುವ ಮುಂಚೆ ಮೋಟಾರಿನ ತೂತುಗಳಿಗೆಲ್ಲ ಟೇಪ್ ಹಚ್ಚಿ. ಒಳಗೆ ಅಯಸ್ಕಾಂತ ಇದೆ, ಉಕ್ಕಿನ ಪುಡಿಯನ್ನು ಹುಡುಕಿ ಎಳೆದುಕೊಳ್ಳುತ್ತದೆ. ಒಮ್ಮೆ ಒಳಗೆ ಹೋದ ಪುಡಿ ಹೊರಗೆ ಬರುವುದಿಲ್ಲ.

ಆಮೇಲೆ ಶಾಫ್ಟನ್ನೂ ಪಿನಿಯನಿನ ತೂತನ್ನೂ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಕಾರ್ಖಾನೆಯಿಂದ ಬರುವಾಗ ತೆಳುವಾದ ಎಣ್ಣೆ ಪದರ ಇರುತ್ತದೆ.

ಪ್ಲಾಸ್ಟಿಕ್ ಪಿನಿಯನಾದರೆ ಬಿಸಿ ನೀರಿನಲ್ಲಿ ಎರಡು ನಿಮಿಷ ಇಡಿ. ಪ್ಲಾಸ್ಟಿಕ್ ಮೆತ್ತಗಾಗುತ್ತದೆ, ತೂತು 0.01 ಮಿ.ಮೀ.ನಷ್ಟು ಹಿಗ್ಗುತ್ತದೆ. ಕೇಳಲು ಕಡಿಮೆ ಅನ್ನಿಸಿದರೂ, ಸೀಳುವುದು ಸೀಳದಿರುವುದು ಇಷ್ಟರಲ್ಲೇ ತೀರ್ಮಾನವಾಗುತ್ತದೆ. ತೆಗೆದು ಒರೆಸಿ ತಕ್ಷಣ ಒತ್ತಿ. ಹಿತ್ತಾಳೆಯನ್ನು ಬಿಸಿ ಮಾಡಿದರೆ? ಎತ್ತಿನ ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಕೆಂಡದಲ್ಲಿ ಕಾಯಿಸಿ ಹಾಕಿ ನೀರು ಸುರಿಯುತ್ತಿದ್ದರಲ್ಲ, ಅದೇ ಉಪಾಯ. ಆದರೆ ಚಕ್ರ ದೊಡ್ಡದು, ಹಿಗ್ಗುವುದೂ ದೊಡ್ಡದು. 2 ಮಿ.ಮೀ. ತೂತಿನ ಹಿತ್ತಾಳೆ ಪಿನಿಯನನ್ನು 150 ಡಿಗ್ರಿ ಜಾಸ್ತಿ ಬಿಸಿ ಮಾಡಿದರೂ ತೂತು ಹಿಗ್ಗುವುದು ಸುಮಾರು 0.006 ಮಿ.ಮೀ. ಮಾತ್ರ. ಸ್ವಲ್ಪ ಸಹಾಯ ಆಗುತ್ತದೆ, ಪವಾಡ ಆಗುವುದಿಲ್ಲ. ಲೋಹದ ಪಿನಿಯನ್ ಶಾಫ್ಟಿಗಿಂತ 0.01 ರಿಂದ 0.02 ಮಿ.ಮೀ. ಕಿರಿದಾಗಿದ್ದರೆ ಸಾಕು, ಬಿಸಿ ಮಾಡದೆಯೂ ಕೂರುತ್ತದೆ. ಬಿಸಿ ಮಾಡುವುದೇ ಆದರೆ ಪಿನಿಯನನ್ನು ಮಾತ್ರ ಮಾಡಿ, ಮೋಟಾರನ್ನಲ್ಲ. ನಿಯೋಡಿಮಿಯಂ ಅಯಸ್ಕಾಂತ ಇರುವ ಮೋಟಾರಾದರೆ 80 ಡಿಗ್ರಿ ದಾಟಿದಾಗ ಅದರ ಶಕ್ತಿ ಕುಗ್ಗಲು ಶುರುವಾಗಬಹುದು.

ಈಗ ಎಟಿಎಂ ಕಾರ್ಡಿನ ಕೆಲಸ. ಅದರ ದಪ್ಪ 0.76 ಮಿ.ಮೀ. ಒಂದು ಚಿಕ್ಕ ಚೂರು ಕತ್ತರಿಸಿ, ಅದರಲ್ಲಿ ಶಾಫ್ಟ್ ಹೋಗುವಷ್ಟು ಸೀಳು ಮಾಡಿ, ಮೋಟಾರಿನ ಮೂತಿಯ ಮುಂದೆ ಶಾಫ್ಟಿಗೆ ಸಿಕ್ಕಿಸಿ. ಪಿನಿಯನಿಗೂ ಮೋಟಾರಿಗೂ ಬಿಡಬೇಕಾದ ಜಾಗ ಇದೇ. ಪಿನಿಯನ್ ಮೋಟಾರಿಗೆ ಹತ್ತಿರ ಇದ್ದಷ್ಟೂ ಶಾಫ್ಟ್ ಬಾಗುವುದು ಕಡಿಮೆ. ಆದರೆ ಪೂರ್ತಿ ಅಂಟಿಸಿದರೆ ಬುಷ್‌ಗೆ ಉಜ್ಜುತ್ತದೆ. ಶಾಫ್ಟ್ ಹಿಂದೆ ಮುಂದೆ ಸ್ವಲ್ಪ ಆಡುತ್ತದಲ್ಲ, ಆ ಆಟಕ್ಕೂ ಜಾಗ ಬೇಕು.

ವೈಸ್ ತೆರೆಯಿರಿ. ಒಂದು ದವಡೆಗೆ ಡ್ರಿಲ್ ಬಿಟ್‌ನ ತುಂಡು ಒರಗಿ ನಿಂತು, ಅದರ ಇನ್ನೊಂದು ತುದಿ ಮೋಟಾರಿನ ಹಿಂಬದಿ ಶಾಫ್ಟಿನ ನಡುವಿಗೆ ತಾಗಬೇಕು. ತುಂಡು ಜಾರುತ್ತಿದ್ದರೆ ಮರದ ಚಿಕ್ಕ ಹಲಗೆಗೆ ತೂತು ಕೊರೆದು ಅದರಲ್ಲಿ ನಿಲ್ಲಿಸಿ, ಹಿಂದೆ ಉಕ್ಕಿನ ದವಡೆ ಇರಲಿ. ಮುಂದಿನ ಕಡೆ ಪಿನಿಯನನ್ನು ಶಾಫ್ಟಿನ ತುದಿಗೆ ಬೆರಳಿನಿಂದ ಹಿಡಿದು, ಅದರ ಮುಂದೆ ನಟ್ ಇಡಿ. ಶಾಫ್ಟ್ ಪಿನಿಯನ್ ದಾಟಿ ಹೊರಬಂದಾಗ ನಟ್‌ನ ತೂತಿನೊಳಗೆ ಹೋಗಲಿ ಅಂತ ಈ ವ್ಯವಸ್ಥೆ. ಪಿನಿಯನಿನ ತೂತಿನ ಒಂದು ಬದಿಯ ಅಂಚು ಸ್ವಲ್ಪ ಅಗಲವಾಗಿರುತ್ತದೆ. ಆ ಬದಿ ಶಾಫ್ಟಿನ ಕಡೆಗಿರಲಿ.

ವೈಸ್ ನಿಧಾನವಾಗಿ ಬಿಗಿಯಿರಿ, ಎಲ್ಲವೂ ಕಚ್ಚಿಕೊಂಡಾಗ ನಿಲ್ಲಿಸಿ. ಮೇಲಿನಿಂದ ನೋಡಿ, ಪಕ್ಕದಿಂದ ನೋಡಿ. ಪಿನಿಯನ್ ಎಳ್ಳಷ್ಟು ಓರೆಯಾಗಿದ್ದರೂ ಬಿಚ್ಚಿ ಮತ್ತೆ ಇಡಿ. ಮೊದಲ ಅರ್ಧ ಮಿ.ಮೀ. ನೆಟ್ಟಗೆ ಹೋದರೆ ಉಳಿದದ್ದು ನೆಟ್ಟಗೇ ಹೋಗುತ್ತದೆ. ಇಲ್ಲಿ ಅವಸರ ಬೇಡ. ಆಮೇಲೆ ಹಿಡಿಕೆಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಹೋಗಿ. ಕೈಗೆ ಒಂದೇ ಸಮನಾದ ಬಿಗುವು ತಿಳಿಯುತ್ತಿರಬೇಕು. ತಟ್ಟನೆ ಹಗುರಾದರೆ ಪಿನಿಯನ್ ಸೀಳಿದೆ ಅಂತ ಅರ್ಥ. ತಟ್ಟನೆ ಕಲ್ಲಿನ ಹಾಗೆ ನಿಂತರೆ ಪಿನಿಯನ್ ಕಾರ್ಡಿಗೆ ತಾಗಿದೆ, ಅಲ್ಲೇ ನಿಲ್ಲಿಸಿ. ಇನ್ನೂ ಒತ್ತಿದರೆ ಬಲ ಮೋಟಾರಿನ ಡಬ್ಬದ ಮೇಲೆ ಬೀಳಲು ಶುರುವಾಗುತ್ತದೆ. ಕಾರ್ಡಿನ ಚೂರು ಎಳೆದು ತೆಗೆಯಿರಿ.

ಪ್ಲಾಸ್ಟಿಕ್ ಪಿನಿಯನನ್ನು ಬೆಳಕಿಗೆ ಹಿಡಿದು ಎರಡು ಹಲ್ಲಿನ ನಡುವಿನ ತಗ್ಗನ್ನು ನೋಡಿ. ಅಲ್ಲೇ ಗೋಡೆ ಅತಿ ತೆಳು. ಸೀಳುವುದಾದರೆ ಅಲ್ಲಿಂದಲೇ. ಬಿಳಿ ಗೆರೆಯೊಂದು ಕೂದಲಿನಂತೆ ತೂತಿನವರೆಗೆ ಹೋಗಿದ್ದರೆ ಆ ಪಿನಿಯನ್ ಬಿಸಾಡಿ. ಇವತ್ತು ಹಿಡಿದರೂ ನಾಳೆ ಬಿಡುತ್ತದೆ. ಕೂರಿಸಿದಾಗ ಚೆನ್ನಾಗಿದ್ದು, ತಿಂಗಳುಗಳ ನಂತರ ತಾನೇ ಸೀಳುವುದೂ ಉಂಟು. ಒಳಗಿನ ಎಳೆತ ಯಾವಾಗಲೂ ಇದ್ದೇ ಇರುತ್ತದಲ್ಲ. ಹಳೆ ರೋಬೋಟ್ ಕಪಾಟಿನಿಂದ ತೆಗೆದಾಗ ಮೊದಲು ನೋಡಬೇಕಾದ ಜಾಗ ಇದು.

ಅಂಟು ಹಾಕುವುದಾದರೆ

ಸೂಪರ್ ಗ್ಲೂ ಬೇಡ. ಅದು ಒಣಗಿದ ಮೇಲೆ ಗಾಜಿನ ಹಾಗೆ, ಗುದ್ದು ಬಿದ್ದರೆ ಒಡೆಯುತ್ತದೆ. ಅದಕ್ಕಿಂತ ಹೆಚ್ಚಿನ ಅಪಾಯ, ನೀರಿನಷ್ಟು ತೆಳು ಇರುವುದರಿಂದ ಶಾಫ್ಟ್ ಹಿಡಿದುಕೊಂಡು ಬುಷ್ ಒಳಗೆ ಇಳಿಯುತ್ತದೆ. ಮೋಟಾರ್ ಅಲ್ಲೇ ಸತ್ತಹಾಗೆ.

ಈ ಕೆಲಸಕ್ಕೆಂದೇ ಇರುವುದು ರಿಟೈನಿಂಗ್ ಕಾಂಪೌಂಡ್. ಲಾಕ್‌ಟೈಟ್ ಬ್ರ್ಯಾಂಡಿನ 638, 648 ಈ ಜಾತಿಯವು. ಹಸಿರು ಬಣ್ಣದ ದ್ರವ. ಗಾಳಿ ಇರುವ ತನಕ ಹಾಗೇ ಇರುತ್ತದೆ. ಎರಡು ಲೋಹಗಳ ನಡುವೆ, ಗಾಳಿ ಸಿಗದ ಜಾಗದಲ್ಲಿ ಗಟ್ಟಿಯಾಗುತ್ತದೆ. ಅದಕ್ಕೇ ಹೊರಗೆ ಉಳಿದ ಹನಿ ಎಷ್ಟು ಹೊತ್ತಾದರೂ ಒಣಗುವುದಿಲ್ಲ, ಗಾಬರಿಯಾಗಬೇಡಿ, ಒರೆಸಿಬಿಡಿ. ಲೋಹದ ಪಿನಿಯನಿಗೆ ಮಾತ್ರ ಇದು. ಕೆಲವು ಪ್ಲಾಸ್ಟಿಕ್ಕುಗಳನ್ನು ಇದು ಬಿರುಕು ಬಿಡಿಸುತ್ತದೆ.

ಮಾಡುವ ರೀತಿ ಸುಲಭ. ಎರಡನ್ನೂ ಆಲ್ಕೋಹಾಲಿನಿಂದ ಒರೆಸಿ ಒಣಗಲು ಬಿಡಿ. ಸೂಜಿ ಮೊನೆಯಲ್ಲಿ ಚಿಕ್ಕ ಹನಿ ತೆಗೆದುಕೊಂಡು ಶಾಫ್ಟಿನ ತುದಿಯ ಕಡೆಗೆ ಮಾತ್ರ ಹಚ್ಚಿ, ಬುಡಕ್ಕಲ್ಲ. ಈಗ ಮೋಟಾರನ್ನು ತಲೆಕೆಳಗಾಗಿ ಹಿಡಿಯಿರಿ, ಶಾಫ್ಟ್ ನೆಲದ ಕಡೆಗಿರಲಿ. ಪಿನಿಯನನ್ನು ಕೆಳಗಿನಿಂದ ಮೇಲಕ್ಕೆ ತಿರುಗಿಸುತ್ತಾ ಏರಿಸಿ. ಹೀಗೆ ಮಾಡಿದರೆ ಹೆಚ್ಚಾದ ದ್ರವ ಕೆಳಗೆ ಇಳಿಯುತ್ತದೆ, ಬುಷ್ ಕಡೆ ಹೋಗುವುದಿಲ್ಲ. ಬಟ್ಟೆಯಿಂದ ಒರೆಸಿ, ಹಾಗೇ ತಲೆಕೆಳಗಾಗಿ ಇಡಿ. ಕೆಲವು ನಿಮಿಷಗಳಲ್ಲೇ ಕಚ್ಚಿಕೊಂಡಂತೆ ಅನ್ನಿಸುತ್ತದೆ, ಆದರೆ ಪೂರ್ತಿ ಬಲ ಬರಲು 24 ಗಂಟೆ ಕೊಡಿ. ಸ್ಪರ್ಧೆಯ ದಿನ ಬೆಳಗ್ಗೆ ಮಾಡುವ ಕೆಲಸ ಅಲ್ಲ ಇದು.

ಗ್ರಬ್ ಸ್ಕ್ರೂ ಮತ್ತು ಚಪ್ಪಟೆ ಭಾಗ

550 ಮೋಟಾರಿನ ಉಕ್ಕಿನ ಪಿನಿಯನಿನಲ್ಲಿ ಸಾಮಾನ್ಯವಾಗಿ ಎಂ3 ಗ್ರಬ್ ಸ್ಕ್ರೂ ಇರುತ್ತದೆ, ಅದಕ್ಕೆ 1.5 ಮಿ.ಮೀ. ಅಲೆನ್ ಕೀ ಬೇಕು. ಎಂ4 ಆದರೆ 2 ಮಿ.ಮೀ. ಮೂಲೆ ಸವೆದ ಕೀ ಹಾಕಿ ತಿರುಗಿಸಬೇಡಿ. ಸ್ಕ್ರೂ ತಲೆಯ ಆರು ಮೂಲೆ ಗುಂಡಗಾದರೆ ಆಮೇಲೆ ಅದನ್ನು ತೆಗೆಯುವುದೇ ದೊಡ್ಡ ಕೆಲಸ. ಒಳ್ಳೆಯ ಅಲೆನ್ ಕೀಗೆ ದುಡ್ಡು ಹಾಕಿ, ಇದೊಂದು ವಿಷಯದಲ್ಲಿ ಜಿಪುಣತನ ಬೇಡ.

ಗುಂಡಗಿನ ಶಾಫ್ಟಿನ ಮೇಲೆ ಹಾಗೇ ಬಿಗಿದರೆ ಏನಾಗುತ್ತದೆ? ಸ್ಕ್ರೂ ತುದಿ ಒಂದೇ ಚುಕ್ಕೆಯಲ್ಲಿ ಕಚ್ಚುತ್ತದೆ. ಭಾರ ಬಿದ್ದಾಗ ಜಾರಿ ಶಾಫ್ಟಿನ ಸುತ್ತ ಗೀರು ಎಳೆಯುತ್ತದೆ. ಗೀರಿನ ಅಂಚಿನಲ್ಲಿ ಮುಳ್ಳು ಏಳುತ್ತದೆ. ಆಮೇಲೆ ಪಿನಿಯನ್ ಹಿಡಿಯುವುದೂ ಇಲ್ಲ, ಹೊರಗೆ ಬರುವುದೂ ಇಲ್ಲ. ಆದ್ದರಿಂದ ಶಾಫ್ಟಿನಲ್ಲಿ ಚಪ್ಪಟೆ ಭಾಗ ಇಲ್ಲದಿದ್ದರೆ ನೀವೇ ಮಾಡಿಕೊಳ್ಳಿ.

ಮೋಟಾರಿಗೆ ಪೂರ್ತಿ ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ ಸುತ್ತಿ, ಶಾಫ್ಟ್ ಹೊರಬರುವ ಕಡೆ ಮಾಸ್ಕಿಂಗ್ ಟೇಪ್ ಬಿಗಿಯಾಗಿ ಹಾಕಿ. ಪಿನಿಯನ್ ಇಟ್ಟು ನೋಡಿ, ಸ್ಕ್ರೂ ಎಲ್ಲಿ ಬರುತ್ತದೆ ಅಂತ ಮಾರ್ಕರಿನಿಂದ ಗುರುತು ಮಾಡಿ. ವೈಸಿನಲ್ಲಿ ಶಾಫ್ಟನ್ನೇ ಹಿಡಿಸಿ, ಮೋಟಾರಿನ ಡಬ್ಬವನ್ನಲ್ಲ. ಸಣ್ಣ ಅರದಿಂದ ಮುಂದಕ್ಕೆ ಮಾತ್ರ ಉಜ್ಜಿ. 3.17 ಶಾಫ್ಟಿಗೆ ಅರ್ಧ ಮಿ.ಮೀ. ಆಳ ಸಾಕು. ಕೆಲವು ಶಾಫ್ಟ್ ಎಷ್ಟು ಗಟ್ಟಿಯೆಂದರೆ ಅರ ಮೇಲೆ ಜಾರುತ್ತದೆ, ಕಚ್ಚುವುದೇ ಇಲ್ಲ. ಆಗ ಚಿಕ್ಕ ರೋಟರಿ ಟೂಲಿನ ಕತ್ತರಿಸುವ ಬಿಲ್ಲೆ ಬೇಕು, ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಮಾಡಿ. ಮುಗಿದ ಮೇಲೆ ಟೇಪ್ ತೆಗೆಯುವ ಮುಂಚೆ ಒಂದು ಅಯಸ್ಕಾಂತದಿಂದ ಸುತ್ತಲಿನ ಪುಡಿ ಎಲ್ಲಾ ಎತ್ತಿಬಿಡಿ.

ಸ್ಕ್ರೂ ಮೈಮೇಲಿನ ಸುರುಳಿ ಗೆರೆಗಳಿಗೆ ಲಾಕ್‌ಟೈಟ್ 243 ಒಂದು ಹನಿ ಹಾಕಿ. ಅದು ನೀಲಿ, ಆಮೇಲೆ ಕೀಯಿಂದ ಬಿಚ್ಚಬಹುದು. ಪಿನಿಯನ್ ಆಚೀಚೆ ತಿರುಗಿಸಿ, ಸ್ಕ್ರೂ ಚಪ್ಪಟೆ ಭಾಗದ ನಟ್ಟನಡುವೆ ಕೂತದ್ದು ಕೈಗೆ ತಿಳಿದ ಮೇಲೆ ಬಿಗಿಯಿರಿ.

ಗೇರಿಗೆ ಗೇರ್ ಕೂಡಿಸುವುದು

ಪಿನಿಯನ್ ಎಷ್ಟೇ ಚೆನ್ನಾಗಿ ಕೂತರೂ ದೊಡ್ಡ ಗೇರಿನಿಂದ ದೂರ ತಪ್ಪಿದರೆ ಎಲ್ಲಾ ವ್ಯರ್ಥ. ಎರಡು ಗೇರುಗಳ ಕೇಂದ್ರಗಳ ನಡುವಿನ ದೂರ ತಿಳಿಯಲು ಎರಡರ ಹಲ್ಲು ಕೂಡಿಸಿ, ಮಾಡ್ಯೂಲಿನಿಂದ ಗುಣಿಸಿ, ಅರ್ಧ ಮಾಡಿ. 10 ಮತ್ತು 50 ಹಲ್ಲು, 0.5 ಮಾಡ್ಯೂಲ್ ಆದರೆ 15 ಮಿ.ಮೀ. ಇದು ಕಾಗದದ ಲೆಕ್ಕ. ಮೋಟಾರನ್ನು ಬಿಗಿಯುವ ತಟ್ಟೆಯಲ್ಲಿ ಸ್ಕ್ರೂ ತೂತುಗಳನ್ನು ಗುಂಡಗೆ ಕೊರೆಯದೆ ಸ್ವಲ್ಪ ಉದ್ದಕ್ಕೆ ಕೊರೆದರೆ ಮೋಟಾರನ್ನು ಜರುಗಿಸಿ ಹೊಂದಿಸಬಹುದು.

ಹೊಂದಿಸಲು ನೋಟ್‌ಬುಕ್ಕಿನ ಹಾಳೆ ಸಾಕು. ಬೆರಳಗಲದ ಪಟ್ಟಿ ಹರಿದು ಎರಡು ಗೇರಿನ ನಡುವೆ ಇಡಿ. ಮೋಟಾರನ್ನು ಗೇರಿನ ಕಡೆಗೆ ಒತ್ತಿ ಹಿಡಿದು ಸ್ಕ್ರೂ ಬಿಗಿಯಿರಿ. ಗೇರ್ ತಿರುಗಿಸಿ ಕಾಗದ ಹೊರಗೆ ತೆಗೆಯಿರಿ. ಅದು ಮುರುಕು ಮುರುಕಾಗಿ ಮಡಚಿ ಬರಬೇಕು, ಹರಿದಿರಬಾರದು. ಹರಿದಿದ್ದರೆ ತೀರಾ ಬಿಗಿ. ಮಡಿಕೆ ಸರಿಯಾಗಿ ಮೂಡದಿದ್ದರೆ ದೂರ ಜಾಸ್ತಿ. ದೊಡ್ಡ ಗೇರನ್ನು ಕಾಲು ಸುತ್ತು ತಿರುಗಿಸುತ್ತಾ ನಾಲ್ಕು ಕಡೆ ಹೀಗೆ ನೋಡಿ. ಗೇರ್ ಪೂರ್ತಿ ಗುಂಡಗೆ ಇರುವುದು ಅಪರೂಪ, ಅತಿ ಬಿಗಿ ಬರುವ ಜಾಗದಲ್ಲಿ ಸರಿಹೊಂದಿಸಿ.

ಮೋಟಾರನ್ನು ತಟ್ಟೆಗೆ ಬಿಗಿಯುವ ಸ್ಕ್ರೂ ಉದ್ದ ಇಲ್ಲಿ ಮುಖ್ಯ. 370, 380ಕ್ಕೆ ಎಂ2.5 ಸ್ಕ್ರೂ, ಎರಡು ಸ್ಕ್ರೂಗಳ ನಡುವೆ 16 ಮಿ.ಮೀ. ಅಂತರ. 550ಕ್ಕೆ ಎಂ3, 25 ಮಿ.ಮೀ. ಅಂತರ. ಸ್ಕ್ರೂ ಡಬ್ಬದೊಳಗೆ 2, 3 ಮಿ.ಮೀ.ಗಿಂತ ಜಾಸ್ತಿ ಹೋಗಬಾರದು. ಉದ್ದವಾದರೆ ಒಳಗೆ ತಿರುಗುವ ತಾಮ್ರದ ಸುತ್ತಿಗೆ ತಾಗಿ ಹರಿದುಹಾಕುತ್ತದೆ. ತಟ್ಟೆಯ ದಪ್ಪ ಅಳೆದು, ಅದಕ್ಕೆ 2 ಸೇರಿಸಿ, ಅಷ್ಟೇ ಉದ್ದದ ಸ್ಕ್ರೂ ತನ್ನಿ.

ಹಳೆ ಪಿನಿಯನ್ ತೆಗೆಯಬೇಕಾದರೆ

ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಒಂದೇ ಬದಿಗೆ ಬಲ ಬಿದ್ದು 2 ಮಿ.ಮೀ. ಶಾಫ್ಟ್ ಬಾಗುತ್ತದೆ. ಚಿಕ್ಕ ಪಿನಿಯನ್ ಪುಲ್ಲರ್ ಸಿಗುತ್ತದೆ, ಅದರ ಸೂಜಿ ಶಾಫ್ಟನ್ನು ಒತ್ತುತ್ತದೆ, ಕಾಲು ಪಿನಿಯನನ್ನು ಎಳೆಯುತ್ತದೆ. ರಿಟೈನಿಂಗ್ ಕಾಂಪೌಂಡ್ ಹಾಕಿದ್ದರೆ ಮೊದಲು ಸೋಲ್ಡರಿಂಗ್ ಐರನ್‌ನ ತುದಿಯನ್ನು ಪಿನಿಯನಿಗೆ ಹಿಡಿದು ಬಿಸಿ ಮಾಡಿ. 250 ಡಿಗ್ರಿ ಹತ್ತಿರ ಬಂದಾಗ ಅಂಟು ಸೋಲುತ್ತದೆ, ಬಿಸಿ ಇರುವಾಗಲೇ ಎಳೆಯಿರಿ. ಬಿಸಿ ಶಾಫ್ಟ್ ಹಿಡಿದು ಮೋಟಾರಿನೊಳಕ್ಕೆ ಹೋಗುವಷ್ಟು ಹೊತ್ತು ಇಡಬೇಡಿ.

ಓಡಿಸಿ ನೋಡುವುದು

ಈ ಪರೀಕ್ಷೆ ಪಿನಿಯನ್ ಕೂರಿಸುವ ಮುಂಚೆಯೇ ಶುರುವಾಗಬೇಕು. ಬರಿ ಮೋಟಾರಿಗೆ ಕಡಿಮೆ ವೋಲ್ಟೇಜ್ ಕೊಟ್ಟು, ಮಲ್ಟಿಮೀಟರಿನಲ್ಲಿ ಅದು ಎಷ್ಟು ಕರೆಂಟ್ ಎಳೆಯುತ್ತದೆ ಅಂತ ಬರೆದಿಟ್ಟುಕೊಳ್ಳಿ. ಪಿನಿಯನ್ ಕೂರಿಸಿದ ಮೇಲೆ, ದೊಡ್ಡ ಗೇರಿಗೆ ಜೋಡಿಸುವ ಮುಂಚೆ, ಅದೇ ವೋಲ್ಟೇಜಿನಲ್ಲಿ ಮತ್ತೆ ಅಳೆಯಿರಿ. ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಎದ್ದು ಕಾಣುವಷ್ಟು ಏರಿದ್ದರೆ ಒಳಗೇನೋ ಜರುಗಿದೆ, ಇಲ್ಲ ಪಿನಿಯನ್ ಬುಷ್‌ಗೆ ಉಜ್ಜುತ್ತಿದೆ. ಶಾಫ್ಟನ್ನು ಬೆರಳಲ್ಲಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಮೊದಲಿದ್ದ ಸಣ್ಣ ಆಟ ಈಗಲೂ ಇದ್ದರೆ ಸರಿ.

ಆಮೇಲೆ ನಿಧಾನವಾಗಿ ತಿರುಗಿಸುತ್ತಾ ಪಿನಿಯನಿನ ಮುಂಭಾಗವನ್ನು ನೇರ ನೋಡಿ. ಅಂಚು ಒಂದೇ ಗೆರೆಯಂತೆ ಕಂಡರೆ ನೆಟ್ಟಗಿದೆ. ಮಸುಕಾದ ಎರಡು ಗೆರೆ ಕಂಡರೆ ಅದು ಕುಂಟುತ್ತಿದೆ. ಹಿಡಿತ ನೋಡಲು, ಪಿನಿಯನಿನ ತುದಿಯಿಂದ ಶಾಫ್ಟಿನ ಮೇಲೆ ಅಡ್ಡಲಾಗಿ ಮಾರ್ಕರಿನಲ್ಲಿ ಒಂದು ಗೆರೆ ಎಳೆಯಿರಿ. ರೋಬೋಟ್ ಜೋಡಿಸಿ, ಚಕ್ರವನ್ನು ಗೋಡೆಗೆ ತಾಗಿಸಿ, ಅರ್ಧ ಸೆಕೆಂಡು ಮುಂದೆ, ಅರ್ಧ ಸೆಕೆಂಡು ಹಿಂದೆ ಓಡಿಸಿ. ಜಾಸ್ತಿ ಹೊತ್ತು ತಡೆದು ಹಿಡಿದರೆ ಮೋಟಾರ್ ಸುಡುತ್ತದೆ, ಹುಷಾರು. ಬಿಚ್ಚಿ ನೋಡಿದಾಗ ಗೆರೆ ಮುರಿಯದೆ ಒಂದೇ ಸಾಲಿನಲ್ಲಿದ್ದರೆ ಪಿನಿಯನ್ ಜಾರಿಲ್ಲ.

ಹತ್ತು ನಿಮಿಷ ಓಡಿಸಿದ ಮೇಲೆ ಪ್ಲಾಸ್ಟಿಕ್ ಗೇರಿನ ಹಲ್ಲುಗಳಿಗೆ ಸಿಲಿಕೋನ್ ಗ್ರೀಸ್ ಬೆಂಕಿಕಡ್ಡಿ ತುದಿಯಷ್ಟು ಹಚ್ಚಿ. ಗ್ರಬ್ ಸ್ಕ್ರೂ ಇದ್ದರೆ ಕೀ ಹಾಕಿ ಒಮ್ಮೆ ನೋಡಿ, ಮೊದಲ ಓಟದ ನಂತರ ಅದು ಇನ್ನೂ ಕಾಲು ಸುತ್ತು ಬಿಗಿಯಾಗುವುದುಂಟು. ಮಾರ್ಕರಿನ ಗೆರೆಯನ್ನು ಅಳಿಸಬೇಡಿ, ಸ್ಪರ್ಧೆಯ ಎರಡು ಸುತ್ತಿನ ನಡುವೆ ಟಾರ್ಚ್ ಬಿಟ್ಟು ನೋಡಲು ಬೇಕಾಗುತ್ತದೆ.